ಪಿ.ಪಿ. ನಂಬರ್

ಕೂಡಿಗೆಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಚೀಲ ಒಟ್ಟುವ ಕೋಣೆಯ ಮೂಲೆ, ಪ್ಲೈವುಡ್ ಹಲಗೆಯ ಮೇಲೆ
ಹೊಟ್ಟಿನ ಧೂಳು ನುಂಗುತ್ತ ಕೂತಿದೆ ಸರ್ವರು.
ಬೆನ್ನಿಗೆ ಮೂರು ಕಾರ್ಡು.
ಒಂದಕ್ಕೆ ರಸ್ತೆಯ ಕಂಬದಿಂದ ಇಳಿದ ಫೈಬರು,
ಇನ್ನೊಂದಕ್ಕೆ ವೇಬ್ರಿಜ್ಜು, ತೇವದ ಮೀಟರು, ಬಿಲ್ಲಿನ ಪ್ರಿಂಟರು.
ಮೂರನೆಯದರ ನೀಲಿ ತಂತಿ ಗೋಡೆಯ ತೂತಿನಿಂದ ಹೊರಬಿದ್ದು
ಎಲ್ಲಿಗೆ ಹೋಗುತ್ತದೋ ಯಾರೂ ಹೇಳಲಿಲ್ಲ.

"ನೆಟ್ ಬರ್ತದೆ, ಹೋಗ್ತದೆ ಮೇಡಂ" ಅಂದ ಬೆಳ್ಯಪ್ಪ.
ಜನವರಿ. ಗೇಟಿನಾಚೆ ಹದಿನಾಲ್ಕು ಲಾರಿ.

ಹಿಂದೆ ಯಾರೋ ಮಾಡಿಟ್ಟದ್ದು ನೋಡಿ ಬೈದುಕೊಂಡೆ:
ಮೂರಕ್ಕೂ ಒಂದೊಂದು ಡಿಫಾಲ್ಟ್ ಗೇಟ್‌ವೇ!
ಗೊತ್ತಿಲ್ಲದ ಊರಿಗೆಲ್ಲ ದಾರಿ ನಾನೇ ಅಂತ ಮೂವರೂ.
ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ,
ಹೈದರಾಬಾದಿಗಾಗಲಿ ದೆಹಲಿಗಾಗಲಿ
"ಮೈಸೂರು ಬಸ್ ಹತ್ತಿ" ಅನ್ನುತ್ತಾರೆ, ಮುಗಿಯಿತು.
ಮೂವರು ಕಂಡಕ್ಟರು ಮೂರು ಕಡೆ ಎಳೆದರೆ
ಲಗೇಜು ಭಾಗಮಂಡಲಕ್ಕೆ, ಮನುಷ್ಯ ಮಾಕುಟ್ಟಕ್ಕೆ.

ಎರಡು ಅಳಿಸಿದೆ.
ಪಿಂಗ್ ಹೋಯಿತು, ಬಂತು, ಹನ್ನೊಂದು ಮಿಲಿಸೆಕೆಂಡು.
ಯಂತ್ರಕ್ಕೆ ಹೊರಗು ಸಿಕ್ಕಿತು,
ಅದರ ಬೆನ್ನಿಗೆ ನಿಂತವರಿಗೆ ಇನ್ನೂ ಇಲ್ಲ.

ಅದಕ್ಕೊಂದು ಪುಟ್ಟ ಫೈಲು. ಒಳಗೆ ಒಂದೇ ಅಂಕಿ.
ಸೊನ್ನೆ ಎಂದರೆ, ನನ್ನದು ನನಗೆ, ಊರ ಉಸಾಬರಿ ಬೇಡ.
ಒಂದು ಎಂದರೆ, ಕೊಡು ಇತ್ತ, ದಾಟಿಸುತ್ತೇನೆ.

ಸಿದ್ದಾಪುರದಲ್ಲಿ ಉಪ್ಪನ ಅಂಗಡಿಯಲ್ಲಿತ್ತು ಫೋನು,
ಬೆಲ್ಲದ ಡಬ್ಬದ ಪಕ್ಕ, ಡಯಲಿಗೆ ಹಿತ್ತಾಳೆ ಬೀಗ.
ಎಸ್ಟೇಟ್ ಲೈನಿನ ನಲವತ್ತು ಮನೆಯವರೂ
ಊರಿಗೆ ಬರೆವ ಕಾಗದದ ತುದಿಗೆ ಅದೇ ನಂಬರು,
ಪಕ್ಕದಲ್ಲಿ ಎರಡಕ್ಷರ: ಪಿ.ಪಿ.
ಸೇಲಂನಿಂದ, ಮಂಜೇರಿಯಿಂದ, ಹುಣಸೂರಿನಿಂದ ಗಂಟೆ ಬಡಿದರೆ
"ಹತ್ತು ನಿಮಿಷ ಬಿಟ್ಟು ಮಾಡಿ" ಅನ್ನುತ್ತಿದ್ದರು ಉಪ್ಪ,
ನಾನು ಓಡುತ್ತಿದ್ದೆ.
ಪಾಪಾತ್ತಿಯ ತಂಗಿ ಹೆತ್ತಳು.
ಐದನೇ ಲೈನಿನ ಕರಿಯನ ಅಣ್ಣ, ಬೇಗ ಬರಬೇಕಂತೆ,
ಯಾಕೆಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.
ಹೊರಗಿನವರಿಗೆ ನಲವತ್ತು ಮನೆಯೂ ಒಂದೇ ಅಂಗಡಿ,
ಯಾರ ಕರೆ ಯಾರ ಬಾಗಿಲಿಗೆ ಎಂಬುದು
ನನ್ನ ಕಾಲಿಗಷ್ಟೇ ಗೊತ್ತು.
ಬಂದ ಕರೆಗೆ ಉಪ್ಪ ಯಾವತ್ತೂ ಕಾಸು ಕೇಳಿದವರಲ್ಲ.

ಸರ್ವರಿಗೂ ಅದನ್ನೇ ಕಲಿಸಬೇಕು:
ಒಳಗಿನವರ ಕಾಗದಕ್ಕೆ ನಿನ್ನ ವಿಳಾಸ ಬರೆದು ಕಳಿಸು,
ಉತ್ತರ ಬಂದಾಗ ಪಟ್ಟಿ ನೋಡಿ ಓಡು.
ಮಾಸ್ಕರೇಡ್ ಅನ್ನುತ್ತಾರೆ ಇದಕ್ಕೆ. ವೇಷವಂತೆ!
ಉಪ್ಪ ಕೇಳಿದ್ದರೆ ನಗುತ್ತಿದ್ದರು.

ಸೊನ್ನೆ ತೆಗೆದು ಒಂದು ಬರೆದೆ.
ಪ್ರಿಂಟರು ಕೆಮ್ಮಿ ಬಿಲ್ಲು ಉಗುಳಿತು.
ಬೆಳ್ಯಪ್ಪ ಮೊದಲ ಲಾರಿಗೆ ಕೈ ಬೀಸಿದ.

ಟಾರ್ಚು ಹಿಡಿದು ನೀಲಿ ತಂತಿಯ ಬೆನ್ನು ಹತ್ತಿದೆ:
ಕಣದ ಅಂಚು, ನೀರಿನ ಟ್ಯಾಂಕು,
ಸಿಲ್ವರ್ ಓಕಿಗೆ ಸುತ್ತಿದ ಕಪ್ಪು ಟೇಪು,
ಕೊನೆಗೆ ತಗಡಿನ ಶೆಡ್ಡು. ಹೊಸ್ತಿಲಲ್ಲಿ ಒಬ್ಬ
ಫೋನನ್ನು ತಲೆಯ ಮೇಲೆತ್ತಿ ಆಚೀಚೆ ತಿರುಗಿಸುತ್ತಿದ್ದ,
ಬಲ್ಬಿಗೆ ಹೋಲ್ಡರು ಹುಡುಕುವವನ ಹಾಗೆ.
ಬರ್ಪೇಟಾದ ಜೊಯ್ನಾಲ್, ರಾತ್ರಿ ಪಾಳಿ.
ಮಗು ಹುಟ್ಟಿ ಒಂಬತ್ತು ದಿನ, ಮುಖ ನೋಡಿಲ್ಲ.

ವರ್ಕ್ ಆರ್ಡರಿನಲ್ಲಿ ಶೆಡ್ಡಿನ ಮಾತೇ ಇಲ್ಲ.
ಕೊಡಿ ಎಂದಿಲ್ಲ, ಬೇಡ ಎಂದೂ ಇಲ್ಲ.

ಬಂದು ಕೂತೆ. ಚಹಾದ ಮೇಲೆ ಕೆನೆಗಟ್ಟಿತ್ತು.
ಆ ತಂತಿಯಿಂದ ತೂಕದ ಯಂತ್ರಗಳಿಗೆ ದಾರಿ ಮುಚ್ಚಿದೆ,
ಅದು ನನ್ನ ಕೆಲಸ.
ಹೊರಗಿನ ಕಡೆಗೆ ಒಂದು ಸಾಲು ಬರೆದೆ.
ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ ಮೂಡಿತು ಗೆರೆ:
ಒಳಗಿನ ವಿಳಾಸ, ಹೊರಗಿನ ವಿಳಾಸ,
ನೆನಪಿಡಬೇಕಾದ ಸೆಕೆಂಡುಗಳು, ಇಳಿಯುತ್ತ, ಮತ್ತೆ ಏರುತ್ತ.
ನೋಡುತ್ತ ಕೂತೆ.

ಬೆಳಿಗ್ಗೆ ಬಿಲ್ಲಿನಲ್ಲಿ ಬರೆದೆ:
ಕಾರ್ಡು, ಎರಡು.