ಸೊನ್ನೆ ಬರೆಯುವ ಮುನ್ನ

ಲುಂಡ್ ಊರಿನ ನೆಲಮಾಳಿಗೆ. ರಾತ್ರಿ ಎರಡೂವರೆ.
ಪಂಪು ಎಳೆಯುತ್ತಿದೆ ಉಬ್ಬಸದ ಉಸಿರು.
ಇಂಗೆಯೆರ್ಡ್ ಅದರ ಮೈಮೇಲೆ ಅಂಗೈಯಿಟ್ಟು
‘ಇವತ್ತು ಹುಷಾರಾಗಿದ್ದಾನೆ’ ಅನ್ನುತ್ತಾಳೆ.
ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ,
ಮೂವತ್ತೊಂದು ವರ್ಷ ಪಂಪುಗಳ ನಡುವೆ.

ಚಿನ್ನ ಬಳಿದ ತಟ್ಟೆಗಳ ಕೆಳಗೆ,
ನಕ್ಷತ್ರಗಳ ನಡುವಣ ಬಯಲಿಗಿಂತ ತಣ್ಣಗಿನ
ತಾಮ್ರದ ತುದಿಯಲ್ಲಿ
ಒಂದು ತಂತಿ.
ಎಳ್ಳಷ್ಟು ಅನ್ನಬೇಡಿ; ಅದರೆದುರು ಎಳ್ಳು ಒಂದು ಗುಡ್ಡ,
ಸುತ್ತಿ ಬರಲು ದಿನ ಹಿಡಿದೀತು.
ತಂತಿಯ ಅಡಿಗೆ ಐದು ಬಾಗಿಲು.
ವೋಲ್ಟಿನ ಸಾವಿರದಲ್ಲೊಂದು ಪಾಲು ಇಳಿಸಿದರೆ
ಒಂದು ಎಲೆಕ್ಟ್ರಾನು ಹೊರಗೆ.

ಸಂಜೆಯಿಂದ ಹೊರಗೆ ಹಾಕುತ್ತಲೇ ಇದ್ದೇನೆ.
ಹನ್ನೊಂದು, ಹತ್ತು, ಒಂಬತ್ತು.
ಕಣ್ಣಿಗೆ ಕಾಣುವುದಲ್ಲ. ಪಕ್ಕದ ಚುಕ್ಕಿಯಲ್ಲಿ
ಸಣ್ಣದೊಂದು ಹರಿವು; ಅದು ಬೆಚ್ಚಿದಾಗ
ಇಲ್ಲಿ ಯಾರೋ ಎದ್ದುಹೋದರೆಂದು ಬರೆದುಕೊಳ್ಳುತ್ತೇನೆ,
ಗೋಡೆಯಾಚೆಯ ಬಾಡಿಗೆ ಸಂಸಾರದ ತಲೆಗಳನ್ನು
ನಲ್ಲಿಯ ಸದ್ದಿನಲ್ಲೇ ಎಣಿಸುವ ಹಾಗೆ.

ಎರಡು. ಒಂದು.
ಪರದೆಯ ಮೇಲೆ ಕೊನೆಯ ಓರೆಗೆರೆ.
ಆಮೇಲೆ ಬರೀ ಬಿಳಿ. ಸೊನ್ನೆ ಎಂದು ಬರೆದೆ.

‘ಖಾಲಿಯಾಯಿತು’ ಅಂದೆ.
ಅವಳು ನನ್ನ ತುಟಿ ಓದಿ, ‘ಹೇಗೆ ಗೊತ್ತು?’
‘ಇನ್ನೇನೂ ಹೋಗುತ್ತಿಲ್ಲವಲ್ಲ.’
‘ಹೋಗದೆ ಇರುವುದು ಬೇರೆ, ಇಲ್ಲದೆ ಇರುವುದು ಬೇರೆ.
ಬಾಗಿಲು ಸಡಿಲ ಮಾಡಿ ನೋಡು.’

ತಡೆಯನ್ನು ಒಂದಿಷ್ಟು ತಗ್ಗಿಸಿದೆ.
ಬಿಳಿಯ ನಡುವೆ ಇನ್ನೊಂದು ಗೆರೆ, ಮಸುಕು ಮಸುಕಾಗಿ.
ಇಷ್ಟು ಹೊತ್ತೂ ಒಳಗೇ ಕೂತಿತ್ತು ಒಂದು,
ದಾರಿ ಬಿಗಿದದ್ದರಿಂದ ಹೊರಡಲಾಗದೆ,
ನಾನು ಖಾಲಿ ಎಂದು ಸಹಿ ಹಾಕಿದ ಮನೆಯಲ್ಲಿ.

ಹೆಸರಿಲ್ಲ ಅದಕ್ಕೆ, ಮಚ್ಚೆಯಿಲ್ಲ.
ಹೋಗಿ ಮತ್ತೆ ಬಂದರೆ
ಅದೇನಾ ಎಂದು ಕೇಳುವಂತೆಯೂ ಇಲ್ಲ.
ಆದರೂ ಕಾಂತವನ್ನು ಏರಿಸಿ
ಮೇಲ್ಮುಖವೋ ಕೆಳಮುಖವೋ ಹೇಳು ಎನ್ನುವ ಮೊದಲು
ಕೈ ತಡೆಯಿತು.
ಕೇಳಿದರೆ ಯಾವುದೋ ಒಂದಾಗಿಬಿಡುತ್ತದೆ.

ಮೇಲೆ ಬೀದಿಯಲ್ಲಿ ಹಿಮ ತೆಗೆಯುವ ಗಾಡಿ ಹೋಯಿತು.
ಇಂಗೆಯೆರ್ಡ್‌ಗೆ ಕೇಳಿಸಲಿಲ್ಲ, ಅವಳ ಅಂಗೈಗೆ ಕೇಳಿಸಿತು.
ಗೆರೆ ನಡುಗಿತು, ಅಳಿಯಲಿಲ್ಲ.
ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಸುರಿದು
ನನ್ನತ್ತ ತಳ್ಳಿ,
‘ಅದು ಎಲ್ಲಿಗೂ ಹೋಗುವುದಿಲ್ಲ’ ಅಂದಳು,
‘ಮೊದಲು ಪುಸ್ತಕದ ಆ ಸೊನ್ನೆ ಹೊಡೆದುಹಾಕು.’