ಗುಳ್ಳೆಯ ಲೆಕ್ಕ

ನೆತ್ತರಿಗೆ ಗುಳ್ಳೆ ಬಿಡ್ತೀವಿ, ಅಂದಳು
ಪಿರೇಯಸ್ಸಿನ ಆಸ್ಪತ್ರೆಯ ಡಾಕ್ಟರಮ್ಮ,
ಟೊಮೇಟೊ ಪಾತಿಗೆ ನೀರು ಬಿಡ್ತೀವಿ
ಅನ್ನುವಷ್ಟು ಹಗುರಾಗಿ.
ಮಲಗಿದ್ದವನು ಎದ್ದು ಕೂತೆ.

ತಾಯೀ, ನಾನು ಕಾಲಿಮ್ನೋಸ್ ದ್ವೀಪದವನು,
ಸ್ಪಂಜು ಕೊಯ್ಯಲು ಹದಿನಾರಕ್ಕೇ ಕಡಲಿಗಿಳಿದ ಸ್ಕೆವೋಸ್.
ನಮ್ಮೂರ ದಕ್ಕೆಯ ಮೇಲೆ ಕೋಲೂರಿ ಬರುವ
ಯಾವ ಮುದುಕನನ್ನಾದರೂ ಕೇಳು,
ಕಾಲು ಎಲ್ಲಿ ಬಿಟ್ಟು ಬಂದೆ ಅಂತ.
ನೆತ್ತರಲ್ಲಿ ಗುಳ್ಳೆ ಎದ್ದಿತ್ತು, ಅಂತಾನೆ.
ಅಷ್ಟೇ ಅಂತಾನೆ.

ನನ್ನಣ್ಣ ಸಕೆಲಾರಿಸ್
ಮೂವತ್ತು ಮಾರು ಆಳದಿಂದ
ಒಂದೇ ಏಟಿಗೆ ಮೇಲೆ ಬಂದ.
ನಕ್ಕ. ಸಿಗರೇಟು ಹಚ್ಚಿದ.
ಅದು ಅರ್ಧ ಉರಿಯುವಷ್ಟರಲ್ಲಿ
ಸೊಂಟದ ಕೆಳಗೆ ಅವನಿರಲಿಲ್ಲ.
ಲಿಬಿಯಾದ ದಡದ ಬಿಸಿಮರಳಲ್ಲಿ
ಎದೆಮಟ್ಟ ಹೂತು ಕಾದೆವು, ಅದೇ ನಮಗೆ ಗೊತ್ತಿದ್ದ ಮದ್ದು.
ಮೂರನೆಯ ದಿನ ಪೂರ್ತಿ ಹೂತೆವು.

ಪೊಲಿಕ್ಸೇನಿ ಎಲ್ಲ ಕೇಳಿದಳು, ಗಡಿಯಾರ ನೋಡಲಿಲ್ಲ.
ಆ ಗುಳ್ಳೆ ಹೇಳದೆ ಕೇಳದೆ ಹುಟ್ಟಿದವು, ಅಂದಳು.
ಇವು ಅಳೆದು ಕಳಿಸುವವು.
ರಕ್ತದ ಕೆಂಪು ಕಣಕ್ಕಿಂತ ಸಣ್ಣವು,
ಕೊಬ್ಬಿನ ತೆಳು ಪೊರೆ, ಒಳಗೊಂದು ಚಿಟಿಕೆ ಅನಿಲ.
ರಕ್ತ ನುಗ್ಗುವ ಸಂದಿಗೆಲ್ಲ ನುಗ್ಗುತ್ತವೆ.
ಎಲ್ಲಿ ನುಗ್ಗಲಾರವೋ ಅಲ್ಲಿ ನಮ್ಮ ಕೆಲಸ.
ಇದಿನ್ನೂ ಪ್ರಯೋಗ, ಮಾತು ಕೊಡಲಾರೆ.
ರುಜು ಹಾಕಿದೆ.

ತಣ್ಣನೆಯ ಲೋಳೆ ಎದೆಗೆ ಬಳಿದು
ಉಸಿರು ಹಿಡಿಯಿರಿ, ಅಂದಳು.
ಎಷ್ಟು ನಿಮಿಷ, ಅಂದೆ.
ಆಗ ನಕ್ಕಳು.

ಊರೆಲ್ಲ ಅನ್ನುತ್ತಿತ್ತು, ಸ್ಕೆವೋಸನ ಗುಂಡಿಗೆ ಗಟ್ಟಿ ಅಂತ.
ಪರದೆಯಲ್ಲಿ ಕಂಡೆ ಆ ಗುಂಡಿಗೆಯನ್ನ,
ಮುಷ್ಟಿಯಷ್ಟು, ಗಾಬರಿಬಿದ್ದದ್ದು.
ಮೊದಲು ಕತ್ತಲು. ಆಮೇಲೆ ನಡುವೆ ಬೆಳಕು ತುಂಬಿ
ಗೋಡೆಗೆ ಮೆಲ್ಲಗೆ ಇಳಿಯಿತು.
ಒಣಗಿದ ಸ್ಪಂಜು ನೀರು ಕುಡಿಯುವ ಬಗೆ
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅವಳೊಂದು ಗುಂಡಿ ಒತ್ತಿದಳು. ಮಿಂಚು.
ಗುಳ್ಳೆಯೆಲ್ಲ ಒಡೆದು ಗೋಡೆ ಮತ್ತೆ ಕಪ್ಪು.
ಈಗ ಎಣಿಸಿ, ಅಂದಳು.
ಒಂದು ಬಡಿತ. ಎರಡು. ಮೂರು. ನಾಲ್ಕು.
ಮತ್ತೆ ಒದ್ದೆಯಾಯಿತು ಎಲ್ಲ, ತುದಿಯೊಂದು ಬಿಟ್ಟು.
ಅಲ್ಲೊಂದು ಆಲಿವ್ ಕಾಯಿಯಷ್ಟು ಕಪ್ಪು.
ಸ್ಪಂಜಿಗೆ ರೋಗ ಬಂದ ವರ್ಷ
ಮುಟ್ಟಿದ್ದೆಲ್ಲ ಕೈಯಲ್ಲೇ ಗಂಜಿಯಾಗಿ ಹೋಗುತ್ತಿತ್ತಲ್ಲ,
ಆ ಕಪ್ಪು.

ಅಲ್ಲಿಗೇ ಗುರಿ ಹಿಡಿದಳು.
ಕಿವಿಗೆ ನಿಲುಕದ ದನಿ ತಾಕಿದಲ್ಲಿ
ಗುಳ್ಳೆ ಉಬ್ಬುತ್ತವಂತೆ, ಕುಗ್ಗುತ್ತವಂತೆ,
ಸಿಡಿದು ಹೆಪ್ಪಿನ ಅಂಚು ಕೆರೆಯುತ್ತವಂತೆ.
ನನಗೇನೂ ಅನ್ನಿಸಲಿಲ್ಲ.
ಕಿಟಕಿಯಾಚೆ ಏಜಿನಾಗೆ ಹೋಗುವ ಹಡಗು ಕೂಗಿತು,
ಯಾರದೋ ಫೋನು ಹೊಡೆದುಕೊಂಡಿತು,
ಮತ್ತೆ ಮಿಂಚು, ಮತ್ತೆ ಎಣಿಕೆ,
ಎಷ್ಟೋ ಸಲ.

ಕೊನೆಗೆ ಕಪ್ಪಿನ ಅಂಚಿಗೆ
ಒಂದೆಳೆ ಬೆಳಕು ಹತ್ತಿತು. ಅಥವಾ ಹಾಗೆ ಕಂಡಿತು.
ಅವಳು ಏನೂ ಅನ್ನಲಿಲ್ಲ, ಕುರ್ಚಿ ಹತ್ತಿರಕ್ಕೆಳೆದಳು.
ನಡುವಿನದು ಹಾಗೇ ಉಳಿಯಿತು.
ಸತ್ತದ್ದು ಸತ್ತದ್ದೇ.

ಒಡೆದ ಮೇಲೆ ಎಲ್ಲಿಗೆ ಹೋಗುತ್ತವೆ ಅವು? ಅಂದೆ.
ನಿಮ್ಮ ಉಸಿರಿಗೆ, ಅಂದಳು.

ಬಿಟ್ಟೆ ಉಸಿರನ್ನ ನಿಧಾನಕ್ಕೆ,
ಮಾರಿಗೊಮ್ಮೆ ನಿಂತು, ಹಗ್ಗ ಹಿಡಿದು, ಮತ್ತೆ ನಿಂತು,
ಅಣ್ಣ ಅವತ್ತು ಏರಬೇಕಿದ್ದ ಹಾಗೆ.

ಸಹಜವಾಗಿ ಉಸಿರಾಡಿ ಅಜ್ಜ, ಅಂದಳು ಪೊಲಿಕ್ಸೇನಿ,
ಚಿತ್ರ ಅಲುಗುತ್ತಿದೆ.