ಒಂಬತ್ತನೇ ಸಾಲು

ಹಾನುಬಾಳಿನ ಕೆಳಬ್ಲಾಕಿನ ಸಿಲ್ವರ್ ಗಿಡಗಳಿಗೆ
ಈಗ ಏಳು ವರ್ಷ.
ಪ್ರತಿ ಜನವರಿ, ಕೊಯ್ಲು ಮುಗಿಯುವ ಹೊತ್ತಿಗೆ
ಎದೆಮಟ್ಟಕ್ಕೆ ಟೇಪು ಸುತ್ತಿ ಅಳೆಯುವುದು ನನ್ನ ಕೆಲಸ:
ನಲವತ್ತಾರು, ನಲವತ್ತೇಳು, ನಲವತ್ತೈದೂವರೆ.
ಒಂಬತ್ತನೇ ಸಾಲಿಗೆ ಬಂದಾಗ
ಪೆನ್ಸಿಲ್ಲು ತಾನಾಗಿ ನಿಧಾನವಾಗುತ್ತದೆ.
ಮೂವತ್ತೊಂದು.
ಇಪ್ಪತ್ತೊಂಬತ್ತು.
ಮೂವತ್ತು.

ಒಂದೇ ನರ್ಸರಿ, ಒಂದೇ ಅಳತೆಯ ತೊಟ್ಟೆ,
ಒಂದೇ ವಾರ ನೆಟ್ಟದ್ದು.
ಒಂಬತ್ತು ಕೊನೆಯ ಸಾಲು. ಅದರಾಚೆ ಬೇಲಿ,
ಬೇಲಿಯಾಚೆ ಜೀಪಿನ ದಾರಿ, ದಾರಿಯ ತುಂಬ ಹುಲ್ಲು,
ಹುಲ್ಲಿಗೆ ಹೊಡೆಸಿದ ಮದ್ದು.

ಮದ್ದು ಅನ್ನುತ್ತೇವೆ ಅದಕ್ಕೆ.
ಜ್ವರಕ್ಕೆ ಕುಡಿಯುವುದಕ್ಕೂ ಅದೇ ಮಾತು, ಕೋವಿಗೆ ತುಂಬುವುದಕ್ಕೂ,
ಅನ್ನದಲ್ಲಿ ಗುಟ್ಟಾಗಿ ಕಲಸಿ ಇಕ್ಕುತ್ತಾರಂತಲ್ಲ, ಅದಕ್ಕೂ.
ನಮ್ಮ ದೊಡ್ಡಮ್ಮ ಹೇಳುತ್ತಿದ್ದಳು:
ಮದ್ದು ಬಿದ್ದವರು ಸಾಯುವುದಿಲ್ಲ ಕಣೋ, ಸವೆಯುತ್ತಾರೆ.
ಉಣ್ಣುತ್ತಾರೆ, ಮೈಗೆ ಹತ್ತುವುದಿಲ್ಲ.
ನಾನು ನಗುತ್ತಿದ್ದೆ.

ಅದು ಸೆಪ್ಟೆಂಬರಿನ ಹೊಳವು.
ಗಿಡ ಆಗ ನನ್ನ ಭುಜದೆತ್ತರ.
ದೇವೀರಿ ಟ್ಯಾಂಕು ಬೆನ್ನಿಗೇರಿಸಿ
ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು;
ಅದು ಕೆಳಗೆ ಬೀಳಲಿಲ್ಲ.
"ಗಾಳಿ ಐತೆ ರೈಟ್ರೇ, ನಾಳೀಕ್ ಹೊಡಿಯಾಣ."
ನಾಳೆ ಮಳೆ ಹಿಡಿದರೆ ಇವತ್ತಿನ ಕೂಲಿ
ಯಾರಪ್ಪ ಕೊಡುತ್ತಾನೆ, ಅಂದೆ.
ಹೊಡೆದಳು. ಮಂಜಿನಂಥದ್ದು ಏನೋ
ಬೇಲಿ ದಾಟಿ ಬಂತು. ಅಷ್ಟೆ.

ಸುಟ್ಟಿದ್ದರೆ ಗೊತ್ತಾಗುತ್ತಿತ್ತು. ಸುಡಲಿಲ್ಲ.
ಎಲೆ ಅದನ್ನು ತನ್ನದೇ ಸಕ್ಕರೆ ಅಂದುಕೊಂಡು
ಸಕ್ಕರೆ ಹೋಗುವ ದಾರಿಯಲ್ಲೇ ಕಳಿಸಿತು,
ಕೆಳಗೆ ಎಳೆಬೇರಿನ ತುದಿಗೆ,
ಮೇಲೆ ಇನ್ನೂ ಕಣ್ಣು ಬಿಡದ ಕುಡಿಗೆ.
ಎಲ್ಲೆಲ್ಲಿ ಬೆಳೆಯಬೇಕಿತ್ತೋ ಅಲ್ಲಲ್ಲಿಗೇ.
ಆಮೇಲೆ ಬಂದ ಚಿಗುರು ದಾರದೆಳೆ;
ನರ ಮಾತ್ರ ಹಸಿರು, ನಡುವೆಲ್ಲ ಅರಿಸಿನ.
ಗೆಣ್ಣಿಗೆ ಗೆಣ್ಣು ಒತ್ತಿಕೊಂಡು
ನೆತ್ತಿಯಲ್ಲೊಂದು ಗಿಡ್ಡ ಪೊರಕೆ.
ಗೊಬ್ಬರ ಸಾಲದು ಅಂತ ಬರೆದೆ. ಹಾಕಿಸಿದೆ.
ಉಂಡವು.

ಹೋದ ತಿಂಗಳು ಕಾರೇಕೆರೆಯ ಕಾಲೇಜಿನಿಂದ
ನುಸ್ರತ್ ಅಂತ ಒಬ್ಬಳು ಹುಡುಗಿ ಬಂದಿದ್ದಳು.
ಎಲೆಗೆ ಚಿಮಟದಂಥ ಯಂತ್ರ ಕಚ್ಚಿಸಿ ಅಂಕಿ ಓದಿದಳು.
ನಡುಹಗಲಲ್ಲಿ ಎಲೆಯ ಬೆಳ್ಳಿಬೆನ್ನು ಮಗುಚಿ
ಈ ಸಾಲಿನವು ಬೇಗ ಬಾಯಿ ಮುಚ್ಚಿಬಿಡುತ್ತವೆ ಸಾರ್, ಅಂದಳು,
ಬೇರು ಆಳಕ್ಕಿಳಿದಿಲ್ಲ, ಇರುವ ನೀರು ಕಳಕೊಳ್ಳಲು ಭಯ.
ಕೊರೆಯುವ ಕೊಳವೆ ತಿರುಗಿಸಿ ತಿರುಗಿಸಿ
ಬಳಪದಷ್ಟು ಮರ ಹೊರತೆಗೆದಳು.
ತಿಳಿ, ಕಂದು, ತಿಳಿ, ಕಂದು.
ನಡುವಿನಿಂದ ಎಣಿಸಿದರೆ ಮೂರನೆಯದು
ಉಗುರಿನ ಅಂಚಿಗಿಂತ ಸಣ್ಣ.
"ಆವತ್ತು ಗಾಳಿ ಎಷ್ಟಿತ್ತು, ಬರೆದಿಟ್ಟಿದ್ದೀರಾ?"

ಹಳೇ ಬುಕ್ಕು ತೆಗೆದೆ. ನನ್ನದೇ ಅಕ್ಷರ.
ಟ್ಯಾಂಕು ಹದಿನಾಲ್ಕು. ಆಳು ಎರಡು. ಕೂಲಿ ಚುಕ್ತಾ.
ಗಾಳಿಗೆ ಕಾಲಂ ಇರಲಿಲ್ಲ.

ಮದ್ದು ತೆಗೆಯುವವರು ಇದ್ದಾರಂತೆ ಆಲೂರಿನ ಕಡೆ.
ಏನೋ ಅರೆದು ಕುಡಿಸುತ್ತಾರಂತೆ, ಕಾರಿಕೊಂಡರೆ ಗುಣ.
ಮರ ಹೇಗೆ ಕಾರಬೇಕು?

ಈ ಸಲದ ಅಳತೆಗೆ ದೇವೀರಿ ಜೊತೆಗಿದ್ದಳು,
ಟೇಪಿನ ಇನ್ನೊಂದು ತುದಿ ಹಿಡಿಯಲು.
ಎಂಟನೇ ಸಾಲಿನ ಮರಕ್ಕೆ ಸುಮ್ಮನೆ
ಎರಡೂ ಅಂಗೈ ಸುತ್ತಿ ನೋಡಿದಳು. ಬೆರಳು ಕೂಡಲಿಲ್ಲ.
ಒಂಬತ್ತಕ್ಕೆ ಬಂದು ಸುತ್ತಿದಳು:
ಹೆಬ್ಬೆರಳಿಗೆ ಹೆಬ್ಬೆರಳು, ನಡುಬೆರಳಿಗೆ ನಡುಬೆರಳು.
"ಇದಿನ್ನೂ ನನ್ ಕೈಗ್ ಸಿಕ್ತದೆ ನೋಡಿ"
ಅಂದಳು, ಸಂತೆಯಲ್ಲಿ ಮಗುವಿನ ಮುಂಗೈ ಹಿಡಿದವಳ ಹಾಗೆ.
ನಾನು ಅವಳ ಉಗುರು ನೋಡುತ್ತಿದ್ದೆ.
ಹಳದಿ, ಉದ್ದುದ್ದ ಗೆರೆ.

"ಎಷ್ಟು?" ಅಂದೆ, ಪೆನ್ಸಿಲ್ ಹಿಡಿದು.
ಅವಳು ಕೈ ಬಿಡಲಿಲ್ಲ.
ಟೇಪು ಅವಳ ಹೆಗಲ ಮೇಲೇ ಇತ್ತು.